ಹಗ್ಗ ಹಿಗ್ಗಿದ್ದು ನನಗೆ ಗೊತ್ತಿತ್ತು

ಇದನ್ನು ಹೇಳುವುದನ್ನು ಬಹಳ ಕಾಲ ಮುಂದಕ್ಕೆ ತಳ್ಳಿದೆ. ಮಳೆಗಾಲ ಮುಗಿಯಲಿ ಎಂದೆ. ಆಮೇಲೆ ಕೊಯ್ಲು ಮುಗಿಯಲಿ ಎಂದೆ. ಕೊಯ್ಲು ಮುಗಿದ ಮೇಲೆ ಕಣ್ಣಿನ ಆಪರೇಷನ್ ಆಗಲಿ, ಅಕ್ಷರ ಸರಿಯಾಗಿ ಕಾಣಲಿ ಎಂದೆ. ಈಗ ಕಣ್ಣು ಚೆನ್ನಾಗಿಯೇ ಕಾಣುತ್ತಿದೆ. ನೆಪ ಮುಗಿದಿದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಲ್ದೂರು ಕಡೆಯ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಹಿಡಿಯುವುದು, ಹೊಸ ಗಿಡ ನೆಡುವಾಗ ಗುಂಡಿಗಳ ಸಾಲು ಅಳೆದು ಕೊಡುವುದು ನನ್ನ ಕೆಲಸ. ಅಪ್ಪ ತೀರಿಕೊಂಡ ಮೇಲೆ ಕೆಲಸ ಬಿಟ್ಟು ಬಾಳೂರಿನ ಮೇಲ್ಭಾಗದ ನಮ್ಮ ಸ್ವಂತ ತೋಟಕ್ಕೆ ಬಂದೆ. ಅಳತೆ ಎಂದರೆ ಊರಿನವರು ನನ್ನನ್ನೇ ಕರೆಯುತ್ತಿದ್ದರು. ಬಾಯಿಲೆಕ್ಕದಲ್ಲಿ ನನ್ನನ್ನು ಸೋಲಿಸಿದವರಿರಲಿಲ್ಲ. ಅದರ ಸೊಕ್ಕು ನನಗೆ ಸಾಕಷ್ಟಿತ್ತು. ಅಂಥ ನಾನು ಕೊನೆಗೆ ಸಿಕ್ಕಿಬಿದ್ದದ್ದು ಬ್ರಹ್ಮಾಂಡದ ವಯಸ್ಸು ಎಷ್ಟು, ಅದರ ಅಳತೆ ಎಷ್ಟು ಎಂಬ ಮಾತಿನಲ್ಲಿ. ಅದಕ್ಕೆ ಮೊದಲು ಹಗ್ಗದ ವಿಷಯ ಹೇಳಬೇಕು.

ನನಗೆ ಒಬ್ಬನೇ ತಮ್ಮ. ಅವನ ಮದುವೆಯಾದ ಮರುವರ್ಷ ಮನೆಯಲ್ಲಿ ಪಾಲಿನ ಮಾತು ಬಂತು. ಸರ್ವೆಯವರನ್ನು ಕರೆಸುವುದು ಅವಮಾನ ಎಂದು ನಮ್ಮ ಸೋದರಮಾವ ಹೇಳಿದರು. ಅಣ್ಣ ತಮ್ಮಂದಿರ ನಡುವೆ ಸರ್ಕಾರದ ಸರಪಳಿ ಯಾಕೆ, ಗುಂಡಿ ಹೊಡೆಯುವ ಹಗ್ಗ ಸಾಕು ಎಂದರು. ನಮ್ಮ ಕಡೆ ಹೊಸ ತೋಟ ಮಾಡುವಾಗ ಸಮ ಅಂತರಕ್ಕೆ ಗಂಟು ಹಾಕಿದ ಉದ್ದನೆಯ ಹಗ್ಗ ಎಳೆದು ಕಟ್ಟುತ್ತೇವೆ. ಗಂಟು ಬಂದಲ್ಲೆಲ್ಲ ಒಂದು ಗೂಟ, ಗೂಟ ಇದ್ದಲ್ಲೆಲ್ಲ ಒಂದು ಗಿಡ. ಅಪ್ಪ ಆ ತೋಟ ಮಾಡಿದ್ದೇ ಹಾಗೆ. ಕೆಳಗಿನ ರಸ್ತೆಯಿಂದ ಮೇಲಿನ ಗುಡ್ಡದ ನೆತ್ತಿಯವರೆಗೆ ಎಷ್ಟು ಹಗ್ಗ ಎಂಬುದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅದರಲ್ಲಿ ಅರ್ಧ ಅಳೆದು ಕಲ್ಲು ನೆಡುವುದು, ಕೆಳಗಿನದು ನನಗೆ, ಮೇಲಿನದು ತಮ್ಮನಿಗೆ ಎಂದು ತೀರ್ಮಾನವಾಯಿತು.

ಅಪ್ಪನ ಕಾಲದ ತೆಂಗಿನ ನಾರಿನ ಹಗ್ಗವನ್ನು ಗೊಬ್ಬರದ ಶೆಡ್ಡಿನಲ್ಲಿ ಇಲಿ ಕಡಿದಿತ್ತು. ಅದೇ ಉದ್ದಕ್ಕೆ ನಾನು ಮೂಡಿಗೆರೆಯಿಂದ ನೈಲಾನ್ ಹಗ್ಗ ತಂದೆ. ಮಾವನ ಎದುರಿಗೇ ಹಳೆಯದರ ಪಕ್ಕ ಇಟ್ಟು ಗಂಟು ಹಾಕಿದೆ. ಅಲ್ಲಿಯವರೆಗೆ ಮೋಸವಿಲ್ಲ.

ಅಳೆಯುವ ದಿನ ಬೆಳಿಗ್ಗೆ ತೋಟವೆಲ್ಲ ಮಂಜಿನಲ್ಲಿ ಒದ್ದೆ. ಕೊಯ್ಲಿನ ಸಮಯವಾದ್ದರಿಂದ ಆಳುಗಳು ಸಿಗಲಿಲ್ಲ. ತಮ್ಮ ಮುಂದೆ ಮುಂದೆ ಕತ್ತಿ ಹಿಡಿದು ದಾರಿ ಸವರುತ್ತಿದ್ದ. ಹಗ್ಗದ ಮುಂದಿನ ತುದಿ ನನ್ನ ಕೈಯಲ್ಲಿತ್ತು. ಹಿಂದಿನ ತುದಿಯನ್ನು ಗೂಟದ ಬಳಿ ಒತ್ತಿ ಹಿಡಿಯಲು ಅವನ ಹೆಂಡತಿಯನ್ನು ನಿಲ್ಲಿಸಿದರು. ಅಮ್ಮ ಮತ್ತು ಮಾವ ಸಿಲ್ವರ್ ಓಕ್ ಮರದ ಬುಡದಲ್ಲಿ ಕುಳಿತು ಎಣಿಸುತ್ತಿದ್ದರು.

ಎರಡನೆಯ ಹಗ್ಗಕ್ಕೇ ನನ್ನ ಅಂಗೈಗೆ ಗೊತ್ತಾಯಿತು. ಒದ್ದೆ ನೈಲಾನು ಎಳೆದಷ್ಟೂ ಬರುತ್ತದೆ. ಏರಿನಲ್ಲಿ ಮೈಭಾರ ಹಾಕಿ ಎಳೆದರೆ ಇನ್ನಷ್ಟು ಬರುತ್ತದೆ. ಒಂದು ಹಗ್ಗಕ್ಕೆ ಬರುವುದು ಸ್ವಲ್ಪವೇ. ಆದರೆ ಹಗ್ಗದ ಮೇಲೆ ಹಗ್ಗ ಎಣಿಸುತ್ತ ಹೋದರೆ ಆ ಸ್ವಲ್ಪವೆಲ್ಲ ಸೇರಿ ನನ್ನ ಪಾಲಿಗೆ ಬರುತ್ತದೆ. ತೋಟದ ನಡುಮಧ್ಯದಿಂದ ತುಸು ಮೇಲೆ ಒಂದು ಒರತೆ ಇತ್ತು, ಬೇಸಗೆಯಲ್ಲೂ ಬತ್ತದ ನೀರು. ನ್ಯಾಯವಾಗಿ ಅಳೆದರೆ ಅದು ತಮ್ಮನಿಗೆ. ನಾನು ಒರತೆಯ ಕಡೆ ಒಮ್ಮೆ ನೋಡಿದೆ. ಆಮೇಲೆ ಹಿಮ್ಮಡಿ ಊರಿ ಎಳೆದೆ.

ಹಿಂದಿನ ತುದಿಯಲ್ಲಿದ್ದವಳಿಗೂ ಅದು ಗೊತ್ತಾಯಿತು. ನಮ್ಮ ಮನೆಗಳಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಂತು ಮಾತಾಡುವುದಿಲ್ಲ. ಹೇಳುವುದಿದ್ದರೆ ಗಂಡನಿಗೋ ಅತ್ತೆಗೋ ಹೇಳಬೇಕು. ಅವಳು ಗಂಡನಿಗೆ ಕೂಗಿ ಹೇಳಿದಳು.

"ರೀ, ಹಗ್ಗ ಉದ್ದ ಆಗ್ತಾ ಇದೆ. ಭಾವಂಗೆ ಅಷ್ಟು ಜೋರಾಗಿ ಎಳೀಬೇಡಿ ಅಂತ ಹೇಳಿ. ಗಂಟಿನ ಮಧ್ಯೆ ಹಿಗ್ತಾ ಇದೆ."

ನಾನೂ ಅವಳಿಗೆ ನೇರವಾಗಿ ಹೇಳಲಿಲ್ಲ. ತಮ್ಮನಿಗೇ ಹೇಳಿದೆ, ತೋಟಕ್ಕೆಲ್ಲ ಕೇಳುವ ಹಾಗೆ. "ಬಂದು ಎರಡು ಮಳೆಗಾಲ ಕಳೀಲಿಲ್ಲ, ಆಗ್ಲೇ ಪಾಲಿನ ಲೆಕ್ಕ ಶುರು ಮಾಡಿದ್ಲಾ? ಅಪ್ಪನ ಮನೆಯಿಂದ ಟೇಪು ತಂದಿದ್ದಾಳಾ ಕೇಳು ಮಾರಾಯ."

ಮಾವ ನಕ್ಕರು. ಅಮ್ಮ ನಗಲಿಲ್ಲ, "ನಿನ್ನ ಕೆಲಸ ನೋಡು" ಎಂದು ಸೊಸೆಗೆ ಗದರಿದರು. ತಮ್ಮನೂ ಅವಳಿಗೆ ಸುಮ್ಮನಿರು ಎಂದ. ಅವಳು ಬಗ್ಗಿ ಮತ್ತೆ ತುದಿ ಒತ್ತಿ ಹಿಡಿದಳು. ಕಲ್ಲು ನೆಟ್ಟದ್ದು ಒರತೆಗಿಂತ ಮೇಲೆ. ನೀರು ನನ್ನದಾಯಿತು.

ಕೆಲವು ತಿಂಗಳ ಮೇಲೆ ತಮ್ಮ ಟೇಪು ತಂದು ತನ್ನ ಪಾಲು ಅಳೆದ. ಕಡಿಮೆ ಬಂತು. ನನ್ನ ಅಂಗಳಕ್ಕೆ ಬಂದು ನಿಂತು ಹೇಳಿದ: "ಅಣ್ಣ, ಎಣಿಕೆ ಸರಿ ಇದೆ. ಗಂಟು ಎಷ್ಟು ಅಂತ ಮಾವನೇ ಎಣಿಸಿದ್ದು. ಆದ್ರೆ ಗಂಟಿಂದ ಗಂಟಿಗೆ ಇರೋ ಜಾಗ ದೊಡ್ಡದಾಗಿದೆ. ಅವಳು ಹೇಳಿದ್ದು ನಿಜ."

"ಎಣಿಕೆ ಸರಿ ಅಂತ ನೀನೇ ಹೇಳ್ತೀಯ. ಮತ್ತೆ ಅಳತೆ ಹ್ಯಾಗೆ ತಪ್ಪಾಗುತ್ತೆ?" ಎಂದೆ. "ಹೆಂಡ್ತಿ ಮಾತು ಕೇಳ್ಕೊಂಡು ಅಣ್ಣನ್ನ ಕಳ್ಳ ಮಾಡಕ್ಕೆ ಬಂದ್ಯಾ?"

ಅಂದಿನಿಂದ ನಮ್ಮ ಮನೆ ಒಡೆದದ್ದು ಅವಳಿಂದ ಎಂಬ ಕಥೆ ಊರಿನಲ್ಲಿ ಹುಟ್ಟಿತು. ಹುಟ್ಟಿಸಿದವನು ನಾನು. ಮದುವೆ ಮನೆಗಳಲ್ಲಿ, ಬಾಳೂರಿನ ಅಂಗಡಿ ಕಟ್ಟೆಯಲ್ಲಿ, ಕಳಸದ ಬಸ್ಸಿನಲ್ಲಿ, ಸಿಕ್ಕಿದವರಿಗೆಲ್ಲ ಹೇಳಿದೆ. ಅಮ್ಮ ಸಾಯುವವರೆಗೆ ಅದನ್ನೇ ನಂಬಿದ್ದರು.

ರೋಬಸ್ಟಾ ಕಾಫಿಗೆ ಮಾರ್ಚಿನಲ್ಲಿ ಹೂವಿನ ಮಳೆ ಬೀಳಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಿ ನೀರು ಕೊಡಬೇಕು. ಎರಡೂ ಇಲ್ಲದಿದ್ದರೆ ಮೊಗ್ಗು ಗಿಡದಲ್ಲೇ ಕಂದು ತಿರುಗಿ ಒಣಗುತ್ತದೆ. ಒಂದು ವರ್ಷ ಮಳೆ ಕೈಕೊಟ್ಟಿತು. ನನ್ನ ಇಳಿಜಾರಿನಲ್ಲಿ ಸ್ಪ್ರಿಂಕ್ಲರ್ ತಿರುಗಿ ತೋಟವೆಲ್ಲ ಹೂ ಬಿಟ್ಟು ಬೆಳ್ಳಗಾಯಿತು. ಬೇಲಿಯ ಆಚೆ ಮೊಗ್ಗು ಸುಡುತ್ತಿತ್ತು. ತಮ್ಮ ಬಂದು ಪೈಪು ಕೇಳಿದ. ನಾನು ಹೇಳಿದೆ: "ಅವತ್ತು ಆಡಿದ ಮಾತು ನಿನ್ನ ಹೆಂಡ್ತಿ ವಾಪಸ್ ತಗೊಳ್ಳಲಿ. ಅಮ್ಮನ ಮುಂದೆ ಹೇಳ್ಲಿ, ಸುಳ್ಳು ಹೇಳ್ದೆ ಅಂತ. ನಾಳೆನೇ ನೀರು ಬಿಡ್ತೀನಿ."

ಅವಳು ಹೇಳಲಿಲ್ಲ. ಆ ವರ್ಷ ಅವರಿಗೆ ಬೆಳೆ ಬರಲಿಲ್ಲ. ಮುಂದೆ ಮಳೆ ತಪ್ಪಿದಾಗಲೆಲ್ಲ ನಾನು ಅದೇ ಷರತ್ತು ಹೇಳಿ ಕಳಿಸಿದೆ. ಒಂದು ಸಲವೂ ಅವಳು ಒಪ್ಪಲಿಲ್ಲ. ಅವಳ ಹಟ ನೋಡಿ ನನಗೆ ಸಿಟ್ಟು ಹೆಚ್ಚಾಯಿತು. ಸುಳ್ಳನ್ನು ಕಾಯುತ್ತಿದ್ದವನು ನಾನು, ಹಟಮಾರಿ ಎಂಬ ಹೆಸರು ಬಂದದ್ದು ಅವಳಿಗೆ.

ಹೀಗೆ ಹತ್ತಿರಹತ್ತಿರ ಮೂವತ್ತು ವರ್ಷವಾಯಿತು. ಅವರಿಗೆ ಒಬ್ಬಳು ಮಗಳು, ಪಾಲಾದ ಮೇಲೆ ಹುಟ್ಟಿದವಳು. ಓದಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದಳು. ಕಳೆದ ವರ್ಷ ಒಂದು ದಿನ ಸ್ಕೂಟಿಯಲ್ಲಿ ನನ್ನ ಅಂಗಳಕ್ಕೇ ಬಂದಳು. ಎಷ್ಟೋ ವರ್ಷದಿಂದ ಆ ಮನೆಯವರು ಯಾರೂ ಕಾಲಿಡದ ಅಂಗಳ ಅದು.

"ದೊಡ್ಡಪ್ಪ, ಶನಿವಾರ ನಮ್ಮ ಸ್ಕೂಲಲ್ಲಿ ವಿಜ್ಞಾನದ ಕಾರ್ಯಕ್ರಮ ಇದೆ. ಊರ ಹಿರಿಯರನ್ನೆಲ್ಲ ಕರೀತಿದೀವಿ. ನೀವು ಬರ್ಲೇಬೇಕು."

"ನಿಮ್ಮಪ್ಪ ಬರ್ತಾನಾ?"

"ಬರ್ತಾರೆ. ಅಮ್ಮನೂ ಬರ್ತಾರೆ. ಅದಕ್ಕೇ ನೀವೂ ಬನ್ನಿ ಅಂತ ಹೇಳ್ತಿರೋದು," ಎಂದು ನಕ್ಕಳು.

ಮಧ್ಯಸ್ಥಿಕೆಗೆ ಬಂದಿದ್ದಾಳೆ ಎಂದುಕೊಂಡೆ. ನಾಲ್ಕು ಜನರ ಮುಂದೆ ಆ ಹುಡುಗಿಯ ಲೆಕ್ಕ ತಪ್ಪು ಎಂದು ತೋರಿಸಬೇಕು ಎಂಬ ಆಸೆಯಿಂದಲೇ ಹೋದೆ. ಸುಳ್ಳು ಬರೆಯುವುದಕ್ಕೆ ಈಗ ಕೂತಿಲ್ಲ.

ಶಾಲೆಯ ಹಾಲಿನಲ್ಲಿ ಮುಂದಿನ ಸಾಲಿನಲ್ಲಿ ನಮ್ಮಂಥ ಮುದುಕರು, ಹಿಂದೆ ತಂದೆ ತಾಯಿಯರು, ನೆಲದ ಮೇಲೆ ಮಕ್ಕಳು. ತಮ್ಮ ಮತ್ತು ಅವನ ಹೆಂಡತಿ ಕಿಟಕಿಯ ಪಕ್ಕದ ಬೆಂಚಿನಲ್ಲಿದ್ದರು. ಆ ಹುಡುಗಿ ಬೋರ್ಡಿನ ಮೇಲೆ ಎರಡು ಸಂಖ್ಯೆ ಬರೆದಳು. ವಿಶ್ವಕ್ಕೆ ಸುಮಾರು ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ವಯಸ್ಸು ಎಂದಳು. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರಕ್ಕೆ ಜ್ಯೋತಿರ್ವರ್ಷ ಎನ್ನುತ್ತಾರೆ; ನಮಗೆ ಕಾಣಬಹುದಾದ ವಿಶ್ವದ ಅಂಚು ಇಲ್ಲಿಂದ ಸುಮಾರು ನಾಲ್ಕು ಸಾವಿರದ ಆರುನೂರು ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ ಎಂದಳು.

ಸಿಕ್ಕಿದಳು ಎಂದುಕೊಂಡು ಎದ್ದು ನಿಂತೆ.

"ಒಂದು ಮಾತು ಕೇಳ್ತೀನಿ ಟೀಚರಮ್ಮ. ಬೆಳಕಿಗಿಂತ ಜೋರಾಗಿ ಓಡೋದು ಯಾವುದೂ ಇಲ್ಲ ಅಲ್ವಾ?"

"ಇಲ್ಲ ದೊಡ್ಡಪ್ಪ."

"ಹಾಗಾದ್ರೆ ಬೆಳಕು ಹೊರಟು ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ಆಯ್ತು ಅಂದ್ರೆ, ಅದು ಬಂದ ದೂರನೂ ಅಷ್ಟೇ ಆಗ್ಬೇಕು. ನಾಲ್ಕು ಸಾವಿರದ ಆರುನೂರು ಎಲ್ಲಿಂದ ಬಂತು? ಮೂಡಿಗೆರೆ ಬಸ್ಸು ಒಂದು ಗಂಟೆ ಓಡಿದ್ರೆ ಮೂಡಿಗೆರೆ ತಲುಪುತ್ತೆ, ಮಂಗಳೂರು ತಲುಪಲ್ಲ. ಮಕ್ಕಳಿಗೆ ತಪ್ಪು ಲೆಕ್ಕ ಹೇಳಿಕೊಡ್ಬೇಡ."

ಹಾಲಿನಲ್ಲಿ ನಗು. ನನ್ನ ಪಕ್ಕದ ತೋಟದವರು, "ಕೇಳಿ, ಕೇಳಿ, ಇವ್ರು ರೈಟರ್ ಆಗಿದ್ದವ್ರು, ಬಿಡಲ್ಲ," ಎಂದರು. ನಾನು ಇನ್ನಷ್ಟು ಎತ್ತರವಾದೆ.

ಅವಳಿಗೆ ಸಿಟ್ಟು ಬರಲಿಲ್ಲ. "ಒಳ್ಳೆ ಪ್ರಶ್ನೆ ದೊಡ್ಡಪ್ಪ. ಇದನ್ನೇ ಕೇಳ್ಲಿ ಅಂತ ಕಾಯ್ತಿದ್ದೆ," ಎಂದು ಮೇಜಿನಿಂದ ಹಳೆಯ ಸೈಕಲ್ ಟ್ಯೂಬಿನ ಉದ್ದನೆಯ ಪಟ್ಟಿ ತೆಗೆದಳು. ಅದರ ಮೇಲೆ ಸಮ ಅಂತರಕ್ಕೆ ಸುಣ್ಣದ ಚುಕ್ಕೆಗಳು. ಇಬ್ಬರು ಹುಡುಗಿಯರನ್ನು ಕರೆದು ಎರಡು ತುದಿ ಹಿಡಿಸಿದಳು. ಒಂದು ತುದಿಯಿಂದ ತನ್ನ ಬೆರಳನ್ನು ನಿಧಾನವಾಗಿ ನಡೆಸುತ್ತ ಹೋದಳು.

"ನನ್ನ ಬೆರಳು ಬೆಳಕು ಅಂತ ಇಟ್ಕೊಳ್ಳಿ. ಇದು ಒಂದೇ ವೇಗದಲ್ಲಿ ನಡೀತಿದೆ. ಈಗ ನೀವಿಬ್ರೂ ಮೆಲ್ಲಗೆ ಎಳೀರಿ."

ಅವರು ಎಳೆದರು. ಬೆರಳು ನಡೆಯುತ್ತಲೇ ಇತ್ತು. ಅದು ದಾಟಿಬಂದ ಚುಕ್ಕೆಗಳು ಹಿಂದೆ ಒಂದರಿಂದೊಂದು ದೂರ ಸರಿಯುತ್ತಿದ್ದವು.

"ನೋಡಿ. ನನ್ನ ಬೆರಳು ಜೋರಾಗಿ ಓಡ್ಲಿಲ್ಲ. ನಾನು ಹೊರಟ ತುದಿ ಮೊದಲು ಹತ್ತಿರನೇ ಇತ್ತು. ನಾನು ದಾಟಿಬಂದ ದಾರಿ ನನ್ನ ಹಿಂದೆ ಹಿಗ್ತಾ ಹೋಯ್ತು. ಬಸ್ಸು ಓಡುವಾಗ ರಸ್ತೆ ಹಿಗ್ಗಲ್ಲ ದೊಡ್ಡಪ್ಪ, ಆದ್ರೆ ಆಕಾಶ ಹಿಗ್ಗುತ್ತೆ. ವಯಸ್ಸಿನ ಎಣಿಕೆ ಸರಿ ಇದೆ. ಚುಕ್ಕೆನೂ ಅಷ್ಟೇ ಇವೆ. ಚುಕ್ಕೆಯಿಂದ ಚುಕ್ಕೆಗೆ ಇರೋ ಜಾಗ ದೊಡ್ಡದಾಗಿದೆ. ಎಷ್ಟು ಹಿಗ್ಗಿದೆ ಅಂತ ತಿಳಿಯದೆ ಬರೀ ವಯಸ್ಸು ನೋಡಿ ಅಳತೆ ಹೇಳಕ್ಕಾಗಲ್ಲ."

ಎಣಿಕೆ ಸರಿ ಇದೆ. ಮಧ್ಯದ ಜಾಗ ದೊಡ್ಡದಾಗಿದೆ. ನನ್ನ ಅಂಗಳದಲ್ಲಿ ನಿಂತು ತಮ್ಮ ಹೇಳಿದ ಮಾತು ಇದೇ. ಹಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ, ಇದು ನನಗಾಗಿಯೇ ಹೂಡಿದ ಆಟ, ತಾಯಿ ಮಗಳು ಸೇರಿ ಕರೆಸಿ ಕೂರಿಸಿ ಮಾಡಿದ್ದು ಎಂದು ತೋಚಿತು. ಬಾಯಿ ನನ್ನ ಹಿಡಿತದಲ್ಲಿ ಉಳಿಯಲಿಲ್ಲ.

"ಯಾರು ಹೇಳಿಕೊಟ್ಟಿದ್ದು ನಿನಗೆ ಇದು? ನಿಮ್ಮಮ್ಮನಾ? ಅವತ್ತು ಹಗ್ಗ ಹಿಗ್ತಾ ಇದೆ ಅಂತ ಕೂಗಿದ್ಲಲ್ಲ, ಈಗ ಅದನ್ನೇ ಮಗಳ ಬಾಯಲ್ಲಿ ಸ್ಕೂಲಲ್ಲಿ ಹೇಳಿಸ್ತಿದ್ದಾಳಾ? ಆ ಒರತೆ ನೀರಿಗೆ ಇಷ್ಟೆಲ್ಲ ನಾಟಕನಾ? ಹೌದು, ಹಿಗ್ಗಿತ್ತು. ಏನೀಗ?"

ಯಾರೂ ನಗಲಿಲ್ಲ. ಆ ಹುಡುಗಿ ಟ್ಯೂಬು ಹಿಡಿದುಕೊಂಡೇ ನಿಂತಿದ್ದಳು. "ಯಾವ ಹಗ್ಗ ದೊಡ್ಡಪ್ಪ?" ಎಂದಳು. "ನನಗೆ ಯಾವ ಹಗ್ಗನೂ ಗೊತ್ತಿಲ್ಲ. ಇದು ಪಾಠದಲ್ಲಿ ಇರೋದು."

ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಊರಿಗೆಲ್ಲ ಸಾರಿದ ಜಗಳವನ್ನು ಅವಳ ತಾಯಿ ಮಗಳ ಕಿವಿಗೆ ಹಾಕಿರಲಿಲ್ಲ. ಊರಿನವರೂ ಅವಳ ಎದುರಿಗೆ ಆಡಿರಲಿಲ್ಲ. ದೊಡ್ಡಪ್ಪನ ಮನೆಗೂ ನಮಗೂ ಹೋಗಿಬರುವ ಬಳಕೆಯಿಲ್ಲ ಎಂದಷ್ಟೇ ತಾಯಿ ಹೇಳಿ ಬೆಳೆಸಿದ್ದಳು. ಹಗ್ಗ ಹಿಗ್ಗಿದ್ದನ್ನು ಆ ಹಾಲಿಗೆ ತಿಳಿಸಿದವನು ನಾನೊಬ್ಬನೇ.

ತಮ್ಮ ಎದ್ದ. ನನ್ನ ಕಡೆ ಬರುತ್ತಾನೆ, ಹೊಡೆಯುತ್ತಾನೆ ಎಂದೇ ಭಾವಿಸಿದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನ ಹೆಂಡತಿ ಅವನ ತೋಳು ಹಿಡಿದು ಕೂರಿಸಿದಳು. ಆಮೇಲೆ ನನ್ನ ಕಡೆ ತಿರುಗದೆ, ಮಗಳಿಗೆ ಹೇಳಿದಳು:

"ಪಾಠ ನಿಲ್ಲಿಸ್ಬೇಡ ಮಗಾ. ಮಕ್ಕಳು ಕಾಯ್ತಾ ಇದ್ದಾರೆ."

ಪಾಠ ಮುಂದುವರಿಯಿತು. ನಾನು ಕೊಡೆ ಅಲ್ಲೇ ಬಿಟ್ಟು ಹೊರಗೆ ಬಂದೆ.

ಮರುವಾರ ಇಬ್ಬರು ಆಳುಗಳನ್ನು ಕರೆದುಕೊಂಡು ಹೋಗಿ ಕಲ್ಲು ಕೀಳಿಸಿದೆ. ಟೇಪು ಹಿಡಿದು ಅಳೆದು ಒರತೆಗಿಂತ ಕೆಳಗೆ ನೆಡಿಸಿದೆ. ಬೇಲಿ ತೆಗೆಸಿದೆ. ಸದ್ದು ಕೇಳಿ ತಮ್ಮ ಮೇಲಿನಿಂದ ಇಳಿದು ಬಂದ. ನೋಡಿದ.

"ತಪ್ಪಾಯ್ತು," ಎಂದೆ. "ನೀರು ನಿಂದು."

"ಈಗ ನೀರಾ?" ಎಂದ. "ನಾನು ಮೇಲೆ ಬೋರ್ ಹೊಡಿಸಿ ಎಷ್ಟೋ ವರ್ಷ ಆಯ್ತು. ನಿನಗೆ ಅದೂ ಗೊತ್ತಿಲ್ಲ. ಬೇಲಿಯಾಚೆ ಏನಾಗ್ತಿದೆ ಅಂತ ಒಂದು ದಿನನಾದ್ರೂ ನೋಡಿದ್ಯಾ?"

"ಕಲ್ಲಾದ್ರೂ ಸರಿಯಾಯ್ತಲ್ಲ."

"ಕಲ್ಲು ಹತ್ತು ಮಾರು ಕೆಳಗೆ ಬಂತು. ನೀನು ಎಲ್ಲಿದ್ದೀಯ, ನಾನು ಎಲ್ಲಿದ್ದೀನಿ?" ಎಂದು ಉಗುಳಿ ಹತ್ತಿ ಹೋದ.

ಅವನ ಮಾತು ತಲೆಯಿಂದ ಹೋಗುತ್ತಿಲ್ಲ. ನಾನು ಮಾಡಿದ ಲೆಕ್ಕ ಬಸ್ಸಿನ ಲೆಕ್ಕ. ಇಷ್ಟು ವರ್ಷ ದೂರ ಹೋದೆವು, ಅಷ್ಟೇ ನಡೆದರೆ ವಾಪಸ್ ಬರಬಹುದು ಎಂದು. ನಾವು ದಾಟಿಬಂದ ಜಾಗ ನಮ್ಮ ಹಿಂದೆಯೇ ಹಿಗ್ಗುತ್ತಿತ್ತು. ಅಮ್ಮ ಸತ್ತಾಗ ತಮ್ಮನ ಮನೆಯವರು ಅಂಗಳದಾಚೆಯೇ ನಿಂತು ನೋಡಿ ಹೋದರು. ಅವರ ಮನೆಯ ಗೃಹಪ್ರವೇಶಕ್ಕೆ ಊರೆಲ್ಲ ಹೋಯಿತು, ನಮ್ಮ ಬಾಗಿಲು ಮುಚ್ಚಿತ್ತು. ಜಗಳದ ವಯಸ್ಸು ಕೇಳಿದರೆ ಮೂವತ್ತು ವರ್ಷ ಎನ್ನಬಹುದು. ಅದರ ಅಳತೆ ನನಗೆ ತಿಳಿಯದು.

ಆ ಹುಡುಗಿಯನ್ನು ಬಾಳೂರಿನ ಬಸ್‌ಸ್ಟಾಪಿನ ಹತ್ತಿರ ತಡೆದು ಕ್ಷಮೆ ಕೇಳಿದೆ. "ನಾನು ನಿಮ್ಮನ್ನ ಕರೆದದ್ದು ಇಬ್ರೂ ಒಂದೇ ಹಾಲಲ್ಲಿ ಕೂತ್ಕೊಳ್ಳಿ ಅಂತ, ಅಷ್ಟೇ," ಎಂದಳು. ಆಮೇಲೆ ಸ್ಕೂಟಿಯ ಸೀಟಿನಡಿಯಿಂದ ನನ್ನ ಕೊಡೆ ತೆಗೆದು ಕೊಟ್ಟಳು. ಅಷ್ಟು ದಿನ ಅದನ್ನು ಇಟ್ಟುಕೊಂಡು ತಿರುಗಿದ್ದಳು.

ಅವಳ ಕಾರಣಕ್ಕೇ ತಮ್ಮ ಕೊನೆಗೆ ಮನೆಗೆ ಬಾ ಎಂದ. ಪ್ರೀತಿಯಿಂದ ಕರೆದದ್ದಲ್ಲ. ಮಗಳ ಕಾಟ ತಡೆಯಲಾರದೆ ಕರೆದ. ಹೋದೆ. ಜಗಲಿಯಲ್ಲಿ ಅವನ ಎದುರು ಕುಳಿತೆ. ಒಳಗಿನಿಂದ ಪಾತ್ರೆಯ ಸದ್ದು ಕೇಳುತ್ತಿತ್ತು. ಕಾಫಿ ತಂದಿಟ್ಟವಳು ಮಗಳು. ತಾಯಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅವಳ ಸೀರೆಯ ಅಂಚು ಕಾಣುತ್ತಿತ್ತು.

ನಾನು ತಮ್ಮನಿಗೆ ಹೇಳಿದೆ: "ಅವಳು ಅವತ್ತು ಹೇಳಿದ್ದು ಸರಿ ಇತ್ತು ಅಂತ ಹೇಳು. ನನಗೆ ಆಗ್ಲೇ ಗೊತ್ತಿತ್ತು ಅಂತ ಹೇಳು."

ಅವನು ಲೋಟ ಕೆಳಗಿಟ್ಟ. "ನಾನ್ಯಾಕೆ ಹೇಳ್ಲಿ? ಊರಿಗೆಲ್ಲ ಹೇಳುವಾಗ ನನ್ನ ಕೈಲಿ ಹೇಳಿಸಿದ್ಯಾ? ಬಾಗಿಲ ಹಿಂದೇ ಇದ್ದಾಳೆ. ನೀನೇ ಹೇಳು."

ಬಾಗಿಲ ಹಿಂದಿನ ಪಾತ್ರೆಯ ಸದ್ದು ನಿಂತಿತು. ಕೇಳಲು ಕಾಯುತ್ತಿದ್ದಾಳೆ ಎಂದು ಮೂವರಿಗೂ ತಿಳಿಯಿತು. ನಮ್ಮ ಮನೆಗಳಲ್ಲಿ ಭಾವ ತಮ್ಮನ ಹೆಂಡತಿಯ ಜೊತೆ ಹಾಗೆ ಎದುರಾಬದುರು ಮಾತಾಡುವುದಿಲ್ಲ ಎಂಬ ಪದ್ಧತಿ ಆಗ ನನ್ನ ನೆನಪಿಗೆ ಬಂತು. ಅವಳ ಹೆಸರು ಕೆಡಿಸುವಾಗ ಅದು ಒಮ್ಮೆಯೂ ಅಡ್ಡ ಬಂದಿರಲಿಲ್ಲ. ಕಾಫಿ ಕುಡಿದು ಮುಗಿಸಿದೆ. ಚಪ್ಪಲಿ ಮೆಟ್ಟಿದೆ. ಗೇಟಿನವರೆಗೆ ಬಂದ ಮೇಲೆ ಒಳಗೆ ಮತ್ತೆ ಪಾತ್ರೆಯ ಸದ್ದು ಶುರುವಾಯಿತು.

ಅದರ ನಂತರ ಅವರ ಗೇಟಿನ ಮುಂದೆ ಎಷ್ಟೋ ಸಲ ಹಾದುಹೋಗಿದ್ದೇನೆ. ಒಳಗೆ ಹೋಗಿಲ್ಲ. ತಮ್ಮನಿಗೆ ಹೇಳಿದ್ದೇನೆ, ಅವನ ಮಗಳಿಗೆ ಹೇಳಿದ್ದೇನೆ, ಆ ದಿನ ಹಾಲಿನಲ್ಲಿದ್ದ ಪಕ್ಕದ ತೋಟದವರಿಗೂ ಹೇಳಿದ್ದೇನೆ. ಹಗ್ಗದ ಇನ್ನೊಂದು ತುದಿ ಹಿಡಿದು ನಿಂತು, ಎಲ್ಲರಿಗಿಂತ ಮೊದಲು ಸತ್ಯ ಕೂಗಿ ಹೇಳಿದವಳು, ನಾನು ಇಂದಿನವರೆಗೆ ಕ್ಷಮೆ ಕೇಳದೆ ಉಳಿದವಳು, ನನ್ನ ತಮ್ಮನ ಹೆಂಡತಿ.